ತೋಟ, ಮಳೆ, ತಾಳಮದ್ದಳೆ: ನನಗೆ ಯಾವ ಫೋನ್ ಸರಿ? (ಬಜೆಟ್ 20 ಸಾವಿರ)

ಮೆಣಸಿನಬಳ್ಳಿ (ಸಿದ್ದಾಪುರ, ಉತ್ತರ ಕನ್ನಡ)

ಎಲ್ಲರಿಗೂ ನಮಸ್ಕಾರ.

ಈಗಿರುವ ಫೋನು 2018ರದ್ದು. ಚಾರ್ಜರ್ ಪಿನ್ನನ್ನು ಒಂದು ಮೂಲೆಗೆ ಒತ್ತಿ, ಮೇಲೆ ಪಂಚಾಂಗ ಹೇರಿಟ್ಟರೆ ಮಾತ್ರ ಚಾರ್ಜ್ ಆಗುತ್ತದೆ. ಮಳೆ ಹಿಡಿಯುವುದರೊಳಗೆ ಹೊಸದು ತರಬೇಕು. ಬಜೆಟ್ 20 ಸಾವಿರ. ತೀರಾ ಮನಸ್ಸಿಗೆ ಬಂದರೆ ಒಂದೆರಡು ಸಾವಿರ ಆಚೆ ಹೋಗಬಹುದು, ಮನೆಯವಳಿಗೆ ಹೇಳದೆ.

ಬೆಂಗಳೂರಿನಲ್ಲಿರುವ ಮಗ ದಿನಾ ಒಂದು ಲಿಂಕ್ ಕಳಿಸುತ್ತಾನೆ. ಎಲ್ಲದರಲ್ಲೂ ಅದೇ ಕಥೆ: ಪ್ರೊಸೆಸರ್, ಗೇಮಿಂಗ್ ಸ್ಕೋರು, ಸೆಲ್ಫಿ. ನಾನು ಗೇಮ್ ಆಡುವುದಿಲ್ಲ. ನನ್ನ ಸೆಲ್ಫಿಯನ್ನು ಯಾರೂ ಕೇಳಿಯೂ ಇಲ್ಲ. ಅದಕ್ಕೇ 'ಬೆಸ್ಟ್ ಫೋನ್ ಯಾವುದು' ಅಂತ ಕೇಳದೆ, ನನ್ನ ಕೈಯಲ್ಲಿ ಫೋನಿನ ಪಾಡು ಏನು ಅಂತ ಬರೆಯುತ್ತೇನೆ. ಉದ್ದ ಆಯಿತು ಅನಿಸಿದರೂ ಓದಿ.

ನಮ್ಮದು ಘಟ್ಟದ ಅಂಚಿನ ಊರು. ಅಡಿಕೆ ತೋಟ, ಅದರೊಳಗೆ ಮೆಣಸು, ಸ್ವಲ್ಪ ಏಲಕ್ಕಿ. ಮನೆ ತಗ್ಗಿನಲ್ಲಿ, ಟವರ್ ಗುಡ್ಡದ ಆಚೆ. ಮನೆಯೊಳಗೆ ಸಿಗ್ನಲ್ ಸೊನ್ನೆ. ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕ ನಿಂತರೆ ಒಂದು ಕಡ್ಡಿ, ಎರಡು ಹೆಜ್ಜೆ ಎಡಕ್ಕೆ ಹೋದರೆ ಅದೂ ಇಲ್ಲ. ಜುಲೈನಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಅಡಿಕೆ ರೇಟು ಕೇಳಲು ಮಾಡಿದ ಕರೆಯಲ್ಲಿ ಅರ್ಧ ಹೊತ್ತು 'ಹಲೋ ಹಲೋ' ಅನ್ನುವುದೇ ಆಗುತ್ತದೆ. ಮನೆಗೆ ಫೈಬರ್ ಇಂಟರ್ನೆಟ್ ಇದೆ, ಅದು ಚೆನ್ನಾಗಿಯೇ ಓಡುತ್ತದೆ. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ.

ತೋಟದಲ್ಲಿ ಫೋನು ಅಂಗಿ ಜೇಬಿನಲ್ಲಿ, ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಸುವ ದಿನ ನಾನೂ ಜೊತೆಗೇ ನಿಲ್ಲಬೇಕು. ಮೈತುತ್ತು, ಸುಣ್ಣದ ನೀರು ಮೇಲಿಂದ ತೊಟ್ಟಿಕ್ಕುತ್ತಿರುತ್ತದೆ. ಆಗಲೇ ಯಾರಾದರೂ ಫೋನ್ ಮಾಡುತ್ತಾರೆ. ಒದ್ದೆ ಬೆರಳಿನಲ್ಲಿ ಎಷ್ಟು ಎಳೆದರೂ ಕರೆ ಎತ್ತಿಕೊಳ್ಳುವುದಿಲ್ಲ.

ಇನ್ನೊಂದು ತಾಪತ್ರಯ ಬೆರಳಚ್ಚಿನದು. ಸುಗ್ಗಿಯಲ್ಲಿ ಹಸಿ ಅಡಿಕೆ ಸುಲಿದು ಸುಲಿದು ಬೆರಳಿಗೆಲ್ಲ ಚೊಗರು ಹಿಡಿದು ಕಪ್ಪಾಗಿರುತ್ತದೆ, ಚರ್ಮ ಒಡೆದಿರುತ್ತದೆ. ನವೆಂಬರಿನಿಂದ ಆಚೆ ನನ್ನ ಹೆಬ್ಬೆಟ್ಟು ಫೋನಿಗೆ ಗುರುತು ಸಿಗುವುದಿಲ್ಲ. ರೇಷನ್ ಅಂಗಡಿಯ ಯಂತ್ರಕ್ಕೂ ಸಿಗುವುದಿಲ್ಲ ಅನ್ನುವುದು ಬೇರೆ ಮಾತು.

ಸುಲಿಯುವಾಗ ತಾಳಮದ್ದಳೆ ಬೇಕೇ ಬೇಕು. ಹಳೆಯ ಧ್ವನಿಮುದ್ರಣಗಳೆಲ್ಲ ಮೆಮೊರಿ ಕಾರ್ಡಿನಲ್ಲಿವೆ. ಬ್ಲೂಟೂತ್ ಹೆಡ್‌ಸೆಟ್ ಮಗ ಕೊಡಿಸಿದ್ದಾನೆ. ಆದರೆ ಕೌರವ ಕೃಷ್ಣನಿಗೆ ಉತ್ತರ ಕೊಡಲು ಬಾಯಿ ತೆರೆದ ಹೊತ್ತಿಗೇ ಸರಿಯಾಗಿ ಅದು 'ಬ್ಯಾಟರಿ ಲೋ' ಅನ್ನುತ್ತದೆ. ಹಾಗಾಗಿ ವೈರ್ ಹೆಡ್‌ಫೋನ್ ಚುಚ್ಚುವ ತೂತು ಇದ್ದರೆ ಒಳ್ಳೆಯದು. ಎಫ್ಎಂ ಇದ್ದರೆ ಇನ್ನೂ ಒಳ್ಳೆಯದು.

ಕ್ಯಾಮೆರಾ ಬೇಕಾಗುವುದು ಎಲೆಚುಕ್ಕಿ ರೋಗದ ಫೋಟೋ ತೆಗೆದು ಗುಂಪಿಗೆ ಹಾಕಲು. ಹತ್ತಿರದಿಂದ ತೆಗೆದರೆ ಎಲ್ಲ ಮಸುಕು. ಜೊತೆಗೆ ಬೆಳೆ ಸಮೀಕ್ಷೆ ಆ್ಯಪ್, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಇವೆರಡಕ್ಕೆ ಜಿಪಿಎಸ್ ಬೇಕು. ಈಗಿನ ಫೋನಿನ ದಿಶಾಂಕ್ ಪ್ರಕಾರ ನಾನು ಆಗಾಗ ಪಕ್ಕದವರ ಸರ್ವೆ ನಂಬರಿನಲ್ಲಿ ನಿಂತಿರುತ್ತೇನೆ. ಮೊದಲೇ ಅವರಿಗೂ ನಮಗೂ ಗಡಿ ವಿಷಯದಲ್ಲಿ ಅಷ್ಟಕ್ಕಷ್ಟೇ.

ಚಾಳೀಸು ಬಂದಿದೆ, ಅಕ್ಷರ ದೊಡ್ಡದಿರಬೇಕು. ಆದರೆ ಫೋನು ದೊಡ್ಡದಿರಬಾರದು, ಬಗ್ಗಿದಾಗ ಜೇಬಿನಿಂದ ಜಾರಿ ಕಾದಿಗೆಗೆ (ತೋಟದ ನೀರುಗಾಲುವೆಗೆ) ಬೀಳುತ್ತದೆ. ಇವೆರಡೂ ಒಟ್ಟಿಗೆ ಆಗುವುದಿಲ್ಲ ಅಂತ ಗೊತ್ತು, ಆದರೂ ಕೇಳುತ್ತಿದ್ದೇನೆ.

ಯಾವ ಕಂಪನಿ ಆದರೂ ಅಡ್ಡಿ ಇಲ್ಲ. ಐಫೋನ್ ಅಂತ ಮಾತ್ರ ಹೇಳಬೇಡಿ.

---

ಸ್ಪೆಕ್‌ಶೀಟ್_ಸೀನ (ಬೆಂಗಳೂರು)

ಸಾರ್, ಮಗ ಕಳಿಸುವ ಲಿಂಕಿನಲ್ಲೂ ಸ್ವಲ್ಪ ಹುರುಳಿದೆ ಬಿಡಿ. ಗೇಮ್ ಆಡದಿದ್ದರೂ 8 ಜಿಬಿ ರ‍್ಯಾಮ್ ಇರುವುದನ್ನೇ ತಗೊಳ್ಳಿ. ನೀವು ಒಂದು ಫೋನನ್ನು ಇಷ್ಟು ವರ್ಷ ಎಳೆಯುವವರು. ಆ್ಯಪ್‌ಗಳು ವರ್ಷ ವರ್ಷ ದಪ್ಪಗಾಗುತ್ತವೆ, ಫೋನು ಹಾಗೇ ಇರುತ್ತದೆ.

ಹಾಗೆ ಎಳೆಯುವವರು ಮೊದಲು ನೋಡಬೇಕಾದ್ದು ಅಪ್‌ಡೇಟ್ ಎಷ್ಟು ವರ್ಷ ಅಂತ. ಬ್ಯಾಂಕ್ ಆ್ಯಪ್‌ಗಳು ಹಳೇ ಆಂಡ್ರಾಯ್ಡ್‌ನಲ್ಲಿ ಒಂದಲ್ಲ ಒಂದು ದಿನ ನಿಂತುಹೋಗುತ್ತವೆ. ಈ ವಿಷಯದಲ್ಲಿ ಸ್ಯಾಮ್‌ಸಂಗ್ ಎ17 5ಜಿ ಗಟ್ಟಿ: 6 ವರ್ಷ ಅಪ್‌ಡೇಟ್ ಅಂತ ಹೇಳಿದ್ದಾರೆ. 2025ರ ಆಗಸ್ಟ್‌ನಲ್ಲಿ ಬಂದಾಗ 6 ಜಿಬಿಯದಕ್ಕೆ 18,999 ಇತ್ತು, 8 ಜಿಬಿಯದಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಮೆಮೊರಿ ಕಾರ್ಡ್ ಹಾಕಬಹುದು. ನೀರು ತಡೆಯುವ ದರ್ಜೆ ಮಾತ್ರ ಐಪಿ54 ಅಷ್ಟೇ.

ಮಳೆ, ಬ್ಯಾಟರಿ ಮುಖ್ಯ ಅಂದರೆ ಮೋಟೊ ಜಿ86 ಪವರ್. 6,720 ಎಂಎಎಚ್ ಬ್ಯಾಟರಿ, ಐಪಿ68 ಮತ್ತು ಐಪಿ69 ಎರಡೂ ಇದೆ. 17,999ಕ್ಕೆ ಬಂದಿತ್ತು. ಅಪ್‌ಡೇಟ್ ವಿಷಯದಲ್ಲಿ ಸ್ಯಾಮ್‌ಸಂಗ್‌ನಷ್ಟು ಉದಾರ ಅಲ್ಲ.

ನಾನು ಹೇಳಿದ್ದೆಲ್ಲ ಬಿಡುಗಡೆ ಬೆಲೆ, ಇವತ್ತಿನದನ್ನು ನೋಡಿಕೊಳ್ಳಿ. ಎಐ ಡೇಟಾ ಸೆಂಟರ್‌ಗಳೆಲ್ಲ ಮೆಮೊರಿ ಚಿಪ್ ಬಾಚಿಕೊಳ್ಳುತ್ತಿರುವುದರಿಂದ ಫೋನಿನ ಬೆಲೆ ಏರಿದೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾದಾಗ ಟಿವಿ, ಎಸಿಗೆ ಇಳಿಯಿತು, ಫೋನಿಗೆ ಮೊದಲಿನ 18 ಪರ್ಸೆಂಟೇ ಉಳಿಯಿತು. 'ಜಿಎಸ್‌ಟಿ ಆಫರ್' ಅಂತ ಬೋರ್ಡ್ ನೋಡಿ ಒಳಗೆ ಹೋಗಬೇಡಿ.

---

ಪಿನ್_ಬದಲಿಸುವವ (ಸಾಗರ)

ನನ್ನದು ಮೊಬೈಲ್ ರಿಪೇರಿ ಅಂಗಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಸುಗ್ಗಿ. ನಿಮ್ಮಂಥ ಗಿರಾಕಿಗಳೇ ಜಾಸ್ತಿ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಸಿಗ್ನಲ್. ಇಲ್ಲಿ ಜನ ದುಡ್ಡು ಸುರಿಯುವುದು ಕ್ಯಾಮೆರಾಕ್ಕೆ, ಕಷ್ಟಪಡುವುದು ಸಿಗ್ನಲ್ಲಿಗೆ. ಮನೆಗೆ ಫೈಬರ್ ಇದೆ ಅಂದಿರಲ್ಲ, ಹಾಗಾದರೆ ನೀವು ಕೊಡೆ ಹಿಡಿದು ತುಳಸಿಕಟ್ಟೆಗೆ ಹೋಗುವ ಅಗತ್ಯವೇ ಇಲ್ಲ. ವೈಫೈ ಕಾಲಿಂಗ್ ಅಂತ ಇದೆ. ವಾಟ್ಸ್ಯಾಪ್ ಕರೆ ಅಲ್ಲ, ನಿಮ್ಮ ಮಾಮೂಲಿ ನಂಬರಿನ ಮಾಮೂಲಿ ಕರೆಯೇ ಟವರಿನ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ. ಎದುರಿನವರಿಗೆ ಕೀಪ್ಯಾಡ್ ಫೋನ್ ಇದ್ದರೂ ಆಗುತ್ತದೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ಬೇರೆ ಚಾರ್ಜ್ ಇಲ್ಲ. ನಿಮ್ಮದು 2018ರ ಫೋನು, ಅದರಲ್ಲಿ ಆ ಸ್ವಿಚ್ಚೇ ಇರಲಿಕ್ಕಿಲ್ಲ. ಮನೆಯಲ್ಲಿ ಬೇರೆ ಯಾರದ್ದಾದರೂ ಹೊಸ ಫೋನ್ ಇದ್ದರೆ ನಿಮ್ಮ ಸಿಮ್ ಹಾಕಿ, ಸಿಮ್ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ. ಫೋನು ಕೊಳ್ಳುವ ಮೊದಲೇ ಗೊತ್ತಾಗುತ್ತದೆ. ಮತ್ತೆ, ಫೈಬರ್ ಡಬ್ಬಕ್ಕೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ರೂಟರಿಗೆಂದೇ 12 ವೋಲ್ಟಿನದು ಸಿಗುತ್ತದೆ.

ಇದಕ್ಕೂ ಬ್ಯಾಟರಿಗೂ ಸಂಬಂಧ ಇದೆ, ಅದು ಸುಮಾರು ಜನಕ್ಕೆ ಗೊತ್ತಿಲ್ಲ. ಸಿಗ್ನಲ್ ಕಡಿಮೆ ಇರುವ ಕಡೆ ಫೋನು ಕಿವಿ ಕೇಳದವರ ಹತ್ತಿರ ಮಾತಾಡಿದ ಹಾಗೆ ಟವರಿನ ಹತ್ತಿರ ಕಿರುಚುತ್ತಿರುತ್ತದೆ. ಕಳಿಸುವ ಶಕ್ತಿ ಹೆಚ್ಚಿಸುತ್ತದೆ, ಟವರ್ ಸಿಗದಿದ್ದರೆ ಮತ್ತೆ ಮತ್ತೆ ಹುಡುಕುತ್ತದೆ. ನೀವು ಮುಟ್ಟದೆ ಇಟ್ಟರೂ ಸಂಜೆಗೆ ಬ್ಯಾಟರಿ ಖಾಲಿ. 'ಬ್ಯಾಟರಿ ಹಾಳಾಗಿದೆ, ಬದಲಿಸಿ' ಅಂತ ಬರುವವರಲ್ಲಿ ಎಷ್ಟೋ ಜನರ ಬ್ಯಾಟರಿ ಸರಿಯಾಗೇ ಇರುತ್ತದೆ. ಮನೆಯಲ್ಲಿರುವಾಗ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಇಡಿ. ವೈಫೈ ಕಾಲಿಂಗ್ ಇದ್ದರೆ ಹಾಗಿದ್ದರೂ ಕರೆ ಬರುತ್ತದೆ. ತೋಟಕ್ಕೆ ಹೋಗುವಾಗ 5ಜಿ ಆಫ್ ಮಾಡಿ 4ಜಿಯಲ್ಲಿ ಇಡಿ.

ಬಿಎಸ್ಎನ್ಎಲ್ ಸಿಮ್ ಇಟ್ಟುಕೊಂಡಿದ್ದರೆ ಒಂದು ವಿಷಯ. ಅವರ ಹೊಸ 4ಜಿ ಓಡುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. 700 ಅನ್ನುವುದು ಗುಡ್ಡ, ಕಾಡು ಇರುವ ಕಡೆ ದೂರ ಹೋಗುವ ಅಲೆ. ಫೋನಿನ ವಿವರದಲ್ಲಿ ಅದು 'ಬಿ28' ಅಂತ ಇರುತ್ತದೆ. ಅಗ್ಗದ ಫೋನುಗಳಲ್ಲಿ, ಹಳೇ ಫೋನುಗಳಲ್ಲಿ ಎಷ್ಟೋ ಸಲ ಅದೇ ಇರುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಭಾರತದ ಮಾಡೆಲ್ ತೆಗೆದು ನೋಡಿ. ಅಂಗಡಿ ಹುಡುಗನನ್ನು ಕೇಳಿದರೆ 'ಎಲ್ಲಾ ಬ್ಯಾಂಡೂ ಇದೆ ಸಾರ್' ಅನ್ನುತ್ತಾನೆ.

ಇನ್ನು ನೀರು. ನನ್ನ ಹೊಟ್ಟೆಪಾಡಿನ ವಿಷಯ.

ಐಪಿ54ರಲ್ಲಿ ಕೊನೆಯ 4 ಅಂದರೆ ಸಿಡಿದ ನೀರಿಗೆ ತಡೆಯುತ್ತದೆ ಅಂತ. ಮುಳುಗಿದರೆ ಅದರ ಜವಾಬ್ದಾರಿ ಅಲ್ಲ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. 68 ಅದಕ್ಕಿಂತ ಸ್ವಲ್ಪ ಮೇಲೆ, ಎಷ್ಟು ಆಳ ಅಂತ ಆಯಾ ಕಂಪನಿಯೇ ಹೇಳಬೇಕು. ಕಾದಿಗೆಗೆ ಬೀಳುವ ಫೋನಿಗೆ 67 ಅಥವಾ 68 ಬೇಕು. ಆದರೆ ಈ ಪರೀಕ್ಷೆಗಳೆಲ್ಲ ಶುದ್ಧ ನೀರಿನಲ್ಲಿ, ಹೊಸ ಫೋನಿಗೆ ಮಾಡಿದ್ದು. ಮೈತುತ್ತಿನ ನೀರಿಗೆ ಯಾರೂ ಪರೀಕ್ಷೆ ಮಾಡಿಲ್ಲ. ಬೋರ್ಡೋ ಹೊಡೆಸುವ ಮನೆಗಳಿಂದ ಬರುವ ಫೋನಿನ ಚಾರ್ಜಿಂಗ್ ಪೋರ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪಿನ್ನಿನ ಬುಡದಲ್ಲಿ ಹಸಿರು-ನೀಲಿ ಹರಳು ಕಾಣುತ್ತದೆ. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಹರಳಿನ ಜೊತೆ ಪಿನ್ನೇ ಉದುರುತ್ತದೆ. ನಿಮ್ಮ ಪಂಚಾಂಗದ ಕಥೆ ಓದಿದಾಗಲೇ ನನಗೆ ಅದು ಕಣ್ಣಿಗೆ ಬಂತು.

ಆದ್ದರಿಂದ ಐಪಿ ಎಷ್ಟೇ ಇರಲಿ, ಕೊಟ್ಟೆ ಬಿಡಬೇಡಿ. ಒದ್ದೆ ಪೋರ್ಟಿಗೆ ಚಾರ್ಜರ್ ಚುಚ್ಚಲೇಬೇಡಿ. ಫೋನನ್ನು ಹಾಳು ಮಾಡುವುದು ಬರೀ ನೀರಲ್ಲ, ನೀರಿನ ಜೊತೆ ಕರೆಂಟು ಸೇರಿದಾಗ. ಹೊಸ ಫೋನುಗಳು ಪೋರ್ಟ್ ಒದ್ದೆ ಇದೆ ಅಂತ ತಾವೇ ಹೇಳಿ ಚಾರ್ಜ್ ನಿಲ್ಲಿಸುತ್ತವೆ. ಆಗ ಬೈದುಕೊಂಡು ಬೇರೆ ಚಾರ್ಜರ್ ಹುಡುಕುವವರೇ ಜಾಸ್ತಿ. ಅಕ್ಕಿ ಡಬ್ಬದಲ್ಲಿ ಹುಗಿಯುವುದೂ ಬೇಡ, ಅಕ್ಕಿಯ ಹಿಟ್ಟು ಪೋರ್ಟಿನಲ್ಲಿ ಅಂಟಾಗುತ್ತದೆ. ಆ್ಯಪಲ್‌ನವರೇ 2024ರಲ್ಲಿ ಅಕ್ಕಿ ಬೇಡ ಅಂತ ಬರೆದುಕೊಂಡಿದ್ದಾರೆ. ಬಚ್ಚಲ ಒಲೆಯ ಮೇಲೆ ಒಣಗಲು ಇಟ್ಟು ತಂದವರೂ ಇದ್ದಾರೆ. ಬ್ಯಾಟರಿ ಹಪ್ಪಳ ಅಲ್ಲ ಸ್ವಾಮಿ. ಪೋರ್ಟ್ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಬಿಡಿ, ಸಾಕು. ಮತ್ತೆ, ನೀರು ಹೋಗಿ ಕೆಟ್ಟರೆ ಐಪಿ68 ಇದ್ದರೂ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ.

ಒದ್ದೆ ಬೆರಳಿಗೆ ಒಂದು ಉಪಾಯ. ಸ್ಯಾಮ್‌ಸಂಗ್‌ನಲ್ಲಿ ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿದರೆ ಕರೆ ಎತ್ತುವ ಹಾಗೆ ಸೆಟ್ ಮಾಡಬಹುದು, ಸ್ಕ್ರೀನ್ ಮುಟ್ಟುವುದೇ ಬೇಡ. ಫೋಟೋವನ್ನೂ ಹೆಚ್ಚಿನ ಎಲ್ಲ ಫೋನಿನಲ್ಲಿ ಅದೇ ಬಟನ್ನಿನಿಂದ ತೆಗೆಯಬಹುದು.

ಬೆರಳಚ್ಚು: ಪಕ್ಕದ ಬಟನ್ನಿನಲ್ಲಿರುವ ಸೆನ್ಸರ್‌ಗೆ ಒದ್ದೆ ಬೆರಳು ಆಗುವುದಿಲ್ಲ. ಸ್ಕ್ರೀನಿನ ಕೆಳಗಿರುವುದು ಈ ಬೆಲೆಯಲ್ಲಿ ಬೆಳಕು ಬಿಟ್ಟು ಬೆರಳಿನ ಫೋಟೋ ತೆಗೆಯುವ ಜಾತಿ, ಅದಕ್ಕೆ ಗೆರೆ ಸವೆದ ಬೆರಳು ಆಗುವುದಿಲ್ಲ. ಶಬ್ದದ ಅಲೆಯಿಂದ ಓದುವುದು ವಾಸಿ, ಆದರೆ ಅದು ದುಬಾರಿ ಫೋನಿನಲ್ಲಿ. ಸುಲಿಯುವಾಗ ಕಡಿಮೆ ಸವೆಯುವ ಬೆರಳು ನೋಡಿ ಅದನ್ನು ಹಾಕಿ, ಹೆಬ್ಬೆಟ್ಟೇ ಆಗಬೇಕು ಅಂತೇನಿಲ್ಲ. ಕೆಲವು ಫೋನಿನಲ್ಲಿ ಒಂದೇ ಬೆರಳನ್ನು ಎರಡು ಸಲ ದಾಖಲಿಸಬಹುದು: ಈಗ ಒಂದು ಸಲ, ಚೊಗರು ಹಿಡಿದ ಮೇಲೆ ಇನ್ನೊಂದು ಸಲ.

ಜಿಪಿಎಸ್‌ಗೆ 'ಎಲ್1 ಜೊತೆ ಎಲ್5' ಇರುವ ಫೋನು ನೋಡಿ. ಗುಡ್ಡ, ಮರ ಇರುವ ಕಡೆ ಸಿಗ್ನಲ್ ಅಲ್ಲಿ ಇಲ್ಲಿ ತಾಗಿ ಬರುತ್ತದೆ, ಎರಡು ಅಲೆ ಕೇಳುವ ಫೋನು ಅದನ್ನು ಚೆನ್ನಾಗಿ ಸರಿಪಡಿಸಿಕೊಳ್ಳುತ್ತದೆ. ಹಾಗಂತ ದಿಶಾಂಕ್ ತೋರಿಸಿದ ಚುಕ್ಕೆ ಇಟ್ಟುಕೊಂಡು ಪಕ್ಕದವರ ಹತ್ತಿರ ಜಗಳಕ್ಕೆ ಹೋಗಬೇಡಿ. ಅದಕ್ಕೆ ಸರ್ವೆಯವರೇ ಬರಬೇಕು.

ಕೊನೆಗೆ, ಅಂಚು ಬಾಗಿದ ಡಿಸ್‌ಪ್ಲೇ ಬೇಡ. ಬಿದ್ದರೆ ಅಂಚೇ ಮೊದಲು ಹೋಗುತ್ತದೆ, ಆ ಡಿಸ್‌ಪ್ಲೇಯ ಬೆಲೆ ಕೇಳಿದವರು ರಿಪೇರಿ ಬಿಟ್ಟು ಹೊಸ ಫೋನಿನ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ.

---

ಹಳೇದೇ_ಸಾಕು (ಹಾಸನ)

ಪೋರ್ಟ್ ಬದಲಿಸಲು ಎಷ್ಟು ಖರ್ಚು? ಪಿನ್ ಅಣ್ಣನೇ ಹೇಳಲಿ. ಕೆಲವು ನೂರು ರೂಪಾಯಿಯ ಕೆಲಸಕ್ಕೆ 20 ಸಾವಿರ ಯಾಕೆ?

---

ಪಿನ್_ಬದಲಿಸುವವ

ನನ್ನ ವ್ಯಾಪಾರಕ್ಕೆ ಒಳ್ಳೇ ಮಾತು ಹೇಳಿದಿರಿ. ಆದರೆ 2018ರ ಫೋನಿಗೆ ಸೆಕ್ಯೂರಿಟಿ ಅಪ್‌ಡೇಟ್ ನಿಂತು ಕಾಲವಾಗಿದೆ, ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಬೇಡ. ಪೋರ್ಟ್ ಹಾಕಿಸಿ, ಸಿಮ್ ತೆಗೆದು, ತಾಳಮದ್ದಳೆಗೆ ಅಂತಲೇ ಇಟ್ಟುಕೊಳ್ಳಲಿ. ಹೆಡ್‌ಫೋನ್ ತೂತು ಇದೆ, ಕಾರ್ಡ್ ಇದೆ, ಎಫ್ಎಂ ಇರಬಹುದು. ಹೊಸ ಫೋನಿನಲ್ಲಿ ತೂತು ಹುಡುಕುವ ತಾಪತ್ರಯವೂ ತಪ್ಪಿತು.

---

ಚಾಳೀಸು_ಟೀಚರ್ (ತೀರ್ಥಹಳ್ಳಿ)

ಅಕ್ಷರ ದೊಡ್ಡದು, ಫೋನು ಸಣ್ಣದು, ಇವೆರಡೂ ಒಟ್ಟಿಗೆ ಆಗುತ್ತದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ದಿನಕ್ಕೆ ಎರಡು ಮೂರು ಪತ್ರಿಕೆ ಫೋನಿನಲ್ಲೇ ಓದುತ್ತೇನೆ.

ಪತ್ರಿಕೆಯನ್ನು ಪುಟದ ರೂಪದಲ್ಲಿ, ಅಂದರೆ ಪಿಡಿಎಫ್‌ನಲ್ಲಿ ಓದಿದರೆ 6.4 ಇಂಚೂ ಸಾಲದು, 6.8 ಇಂಚೂ ಸಾಲದು. ಎಳೆದೆಳೆದು ಓದಲೇಬೇಕು. ಅದನ್ನೇ ಪತ್ರಿಕೆಯ ಆ್ಯಪ್‌ನಲ್ಲಿ ಅಥವಾ ವೆಬ್‌ಸೈಟಿನಲ್ಲಿ ಓದಿದರೆ ಅಕ್ಷರ ದೊಡ್ಡದು ಮಾಡಿದಷ್ಟೂ ಸಾಲು ತಾನೇ ಮುರಿದು ಕೆಳಗೆ ಬರುತ್ತದೆ. ಅಲ್ಲಿ ಸಣ್ಣ ಫೋನು ಸಾಕು. ಒಂದೇ ಜಾಗ್ರತೆ: ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಇಂಗ್ಲಿಷಿಗೆ ಸಾಕಾಗುವ ಅಳತೆ ನಮಗೆ ಸಾಲದು. ಅಂಗಡಿಯಲ್ಲಿ ಇಂಗ್ಲಿಷ್ ಪುಟ ತೋರಿಸಿದರೆ ಒಪ್ಪಬೇಡಿ. ಕನ್ನಡ ಸುದ್ದಿ ತೆಗೆಸಿ, ಕನ್ನಡಕ ಹಾಕಿಕೊಂಡು, 'ರಾಷ್ಟ್ರೀಯ', 'ಸ್ವಾತಂತ್ರ್ಯ' ಇಂಥ ಪದದ ಒತ್ತು ಬಿಡಿಬಿಡಿಯಾಗಿ ಕಾಣುತ್ತದಾ ನೋಡಿ.

ಅಮೊಲೆಡ್ ಪರದೆಯಲ್ಲಿ ಬೆಳಕು ತೀರಾ ಕಡಿಮೆ ಮಾಡಿ ರಾತ್ರಿ ಓದಿದರೆ ಕೆಲವರಿಗೆ ಕಣ್ಣು, ತಲೆ ನೋಯುತ್ತದೆ. ಆ ಪರದೆ ಕಣ್ಣಿಗೆ ಗೊತ್ತಾಗದ ವೇಗದಲ್ಲಿ ಮಿನುಗುತ್ತಿರುತ್ತದೆ. ನನಗೆ ಆಗುತ್ತದೆ, ನನ್ನ ತಂಗಿಗೆ ಏನೂ ಆಗುವುದಿಲ್ಲ. ಹತ್ತು ನಿಮಿಷ ಹಿಡಿದು ಓದಿ ನೋಡದೆ ತಗೊಳ್ಳಬೇಡಿ.

ನನ್ನ ಸಲಹೆ ಮೋಟೊರೊಲಾ ಎಡ್ಜ್ 50 ನಿಯೊ. 6.4 ಇಂಚು, 171 ಗ್ರಾಂ, ಐಪಿ68, ಪರದೆ ಚಪ್ಪಟೆ. 2024ರ ಸೆಪ್ಟೆಂಬರಿನಲ್ಲಿ ಬಂದಾಗ 23,999 ಇತ್ತು, ಆಮೇಲೆ ಇಳಿಯಿತು. 5 ವರ್ಷ ಅಪ್‌ಡೇಟ್ ಅಂದಿದ್ದಾರೆ. ಇನ್ನೊಂದು ವಿಷಯ: ಅದಕ್ಕೆ ಮೂರು ಪಟ್ಟು ಜೂಮ್ ಲೆನ್ಸ್ ಬೇರೆಯೇ ಇದೆ. ನಮ್ಮ ಮನೆಯಲ್ಲೂ ತೋಟ ಇದೆ ನೋಡಿ. ಅಡಿಕೆ ಮರದ ಚಂಡೆಯಲ್ಲಿ, ಅಂದರೆ ತುದಿಯಲ್ಲಿ, ಏನಾಗಿದೆ ಅಂತ ಬುಡದಲ್ಲಿ ನಿಂತೇ ತೆಗೆದು ನೋಡಬಹುದು, ಮರ ಹತ್ತುವ ಕೊನೆಗೌಡನಿಗೆ ಕಾಯಬೇಕಾಗಿಲ್ಲ. ಕಡಿಮೆ ಇರುವುದು ಬ್ಯಾಟರಿ, 4,310 ಅಷ್ಟೇ. ಮೆಮೊರಿ ಕಾರ್ಡ್ ಹಾಕಲು ಬರುವುದಿಲ್ಲ, ಒಳಗೇ 256 ಜಿಬಿ.

ಎಲೆಚುಕ್ಕಿಯ ಫೋಟೋ ಮಸುಕಾಗುವುದಕ್ಕೆ ಕಾರಣ ತೀರಾ ಹತ್ತಿರ ಹೋಗುವುದು. ಒಂದು ಗೇಣಿಗಿಂತ ಹತ್ತಿರ ಹಿಡಿಯಬೇಡಿ, ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ. '2 ಮೆಗಾಪಿಕ್ಸೆಲ್ ಮ್ಯಾಕ್ರೊ' ಅಂತ ಒಂದು ಲೆನ್ಸ್ ಕೊಡುತ್ತಾರಲ್ಲ, ಅದು ಲೆಕ್ಕ ತುಂಬಿಸಲು ಇಟ್ಟದ್ದು.

---

ಸ್ಪೆಕ್‌ಶೀಟ್_ಸೀನ

ಟೀಚರ್, 4,310 ಬ್ಯಾಟರಿ ಮಲೆನಾಡಿನ ಮಳೆಗಾಲಕ್ಕೆ? ಕರೆಂಟೇ ಇರುವುದಿಲ್ಲ ಅನ್ನುತ್ತಿದ್ದಾರೆ ಅವರು.

---

ಚಾಳೀಸು_ಟೀಚರ್

ಪವರ್ ಬ್ಯಾಂಕ್ ಅಂತ ಒಂದು ವಸ್ತು ಇದೆ ಕಣಪ್ಪಾ. ಅದು ಮನೆಯಲ್ಲಿರುತ್ತದೆ. ಅಂಗಿ ಜೇಬಿನಲ್ಲಿ ದಿನವಿಡೀ ಹೊರುವುದು ಫೋನನ್ನು.

---

ಮೆಣಸಿನಬಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿನ್ ಅಣ್ಣ ಹೇಳಿದ ಹಾಗೆ ನನ್ನ ಸಿಮ್ಮನ್ನು ಮನೆಯವಳ ಫೋನಿಗೆ ಹಾಕಿದೆ. ವೈಫೈ ಕಾಲಿಂಗ್ ಸ್ವಿಚ್ ಅಲ್ಲೇ ಇತ್ತು. ಅಡುಗೆಮನೆಯಲ್ಲಿ ದೋಸೆ ತಿನ್ನುತ್ತಾ ಶಿರಸಿಯ ವ್ಯಾಪಾರಿಯ ಹತ್ತಿರ ಮಾತಾಡಿದೆ. ಅವರು 'ಏನ್ರೀ, ಇವತ್ತು ಪೇಟೆಗೆ ಬಂದಿದ್ದೀರಾ, ಇಷ್ಟು ಸ್ಪಷ್ಟ ಕೇಳುತ್ತಿದೆ' ಅಂದರು. ಈಗ ತೊಂದರೆ ಏನೆಂದರೆ ಮನೆಯವಳು ಸಿಮ್ ವಾಪಸ್ ತೆಗೆದು ತನ್ನ ಫೋನ್ ಕೊಡು ಅನ್ನುತ್ತಿದ್ದಾಳೆ.

ಇದರಿಂದ ನನ್ನ ಲೆಕ್ಕವೇ ಬದಲಾಯಿತು. ಮೊದಲು ದೊಡ್ಡ ಬ್ಯಾಟರಿಯೇ ಮುಖ್ಯ ಅಂದುಕೊಂಡಿದ್ದೆ. ಆದರೆ ಬ್ಯಾಟರಿಯನ್ನು ತಿನ್ನುತ್ತಿದ್ದುದು ಸಿಗ್ನಲ್ ಹುಡುಕಾಟ ಅಂತಾದರೆ, ಮನೆಯಲ್ಲಿ ಏರೋಪ್ಲೇನ್ ಮೋಡಿನಲ್ಲಿ ಇಟ್ಟಾಗ ಸಣ್ಣ ಬ್ಯಾಟರಿಯೂ ನಡೆಯುತ್ತದೆ ಅಲ್ವಾ? ಬ್ಯಾಟರಿ ಸಣ್ಣದಾದರೆ ಫೋನೂ ಸಣ್ಣದು.

ಪೇಟೆಗೆ ಹೋಗಿ ಕೈಯಲ್ಲಿ ಹಿಡಿದೂ ನೋಡಿದೆ. ಎ17 ಮತ್ತು ಜಿ86 ಪವರ್ ಎರಡೂ ಹೆಚ್ಚೂಕಡಿಮೆ ಒಂದೇ ತೂಕ, 190ರಿಂದ 200 ಗ್ರಾಂ. ಅಂಗಿ ಜೇಬಿಗೆ ಹಾಕಿ ಬಗ್ಗಿದರೆ ಎರಡೂ ಅರ್ಧ ಹೊರಗೆ ಬರುತ್ತವೆ. ಅಂಗಡಿಯಲ್ಲಿ ಬಗ್ಗಿ ಬಗ್ಗಿ ನೋಡುವುದನ್ನು ಕಂಡು ಅಲ್ಲಿನ ಹುಡುಗ 'ಸಾರ್, ಏನಾದರೂ ಬಿತ್ತಾ' ಅಂತ ಕೇಳಿದ. ಎಡ್ಜ್ 50 ನಿಯೊ ಮೊದಲ ಅಂಗಡಿಯಲ್ಲಿ ಇರಲಿಲ್ಲ, ಇನ್ನೊಂದರಲ್ಲಿ ಒಂದೇ ಒಂದು ಇತ್ತು. ಅದು ಜೇಬಿನೊಳಗೇ ನಿಂತಿತು. ಟೀಚರ್ ಹೇಳಿದ ಹಾಗೆ ಕನ್ನಡ ಸುದ್ದಿ ತೆಗೆಸಿ ಓದಿದೆ, ಅಕ್ಷರ ದೊಡ್ಡದು ಮಾಡಿದರೆ ತೊಂದರೆ ಇಲ್ಲ. ಕಣ್ಣಿಗೂ ಏನೂ ಅನಿಸಲಿಲ್ಲ. ಅಂಗಡಿ ಎದುರಿನ ತೆಂಗಿನ ಮರದ ತುದಿಯನ್ನು ಮೂರು ಪಟ್ಟು ಜೂಮಿನಲ್ಲಿ ತೆಗೆದೆ. ಕಾಯಿ ಎಣಿಸಬಹುದಿತ್ತು.

ಹೆಬ್ಬೆಟ್ಟು ಈಗೇನೋ ಹಿಡಿಯುತ್ತದೆ, ಸುಗ್ಗಿಯಲ್ಲಿ ಕಾದು ನೋಡಬೇಕು. ನಂಬರ್ ಒತ್ತಿಯೇ ತೆರೆದರಾಯಿತು. ತಾಳಮದ್ದಳೆ ಹಳೇ ಫೋನಿನಲ್ಲೇ. ಸೀನ ಅವರ ಎ17 ಬಿಡಲು ಮುಖ್ಯ ಕಾರಣ ಕಾದಿಗೆ, ಇಲ್ಲದಿದ್ದರೆ 6 ವರ್ಷದ ಮಾತು ಚೆನ್ನಾಗಿತ್ತು.

ಅಂಗಡಿಯವರು 21 ಸಾವಿರ ಹೇಳಿದ್ದಾರೆ. ಹೇಗೂ ಒಂದೇ ಪೀಸು, ಹಳೇ ಸ್ಟಾಕು ಇರಬಹುದು. ನಾಳಿದ್ದು ಹೋಗಿ ತರುವ ಮೊದಲು ಏನೇನು ನೋಡಬೇಕು?

---

ಪಿನ್_ಬದಲಿಸುವವ

ಬಾಕ್ಸಿನ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದನ್ನು ಮೊದಲು ಓದಿ. ತೀರಾ ಹಳೆಯದಾದರೆ ಬ್ಯಾಟರಿ ಖಾಲಿಯಾಗಿ ಎಷ್ಟು ಕಾಲ ಬಿದ್ದಿತ್ತೋ ಗೊತ್ತಾಗುವುದಿಲ್ಲ. ಅದನ್ನೇ ಹಿಡಿದು ಬೆಲೆಯಲ್ಲಿ ಚೌಕಾಸಿ ಮಾಡಿ, 21 ಜಾಸ್ತಿಯಾಯಿತು. ಶೋಕೇಸಿನಲ್ಲಿ ಎಲ್ಲರೂ ಮುಟ್ಟಿ ನೋಡಿದ ಪೀಸನ್ನೇ ಸೀಲ್ ಹಾಕಿ ಕೊಟ್ಟರೆ ಬೇಡ ಅನ್ನಿ. ಅಪ್‌ಡೇಟಿನ 5 ವರ್ಷವೂ ಫೋನು ಬಿಡುಗಡೆಯಾದ ದಿನದಿಂದ ಲೆಕ್ಕ, ನೀವು ತಗೊಂಡ ದಿನದಿಂದ ಅಲ್ಲ.

ಎದುರೇ ಬಾಕ್ಸ್ ಒಡೆಸಿ, *#06# ಒತ್ತಿ. ಬರುವ ಐಎಂಇಐ ನಂಬರ್ ಬಾಕ್ಸಿನ ಮೇಲಿನದಕ್ಕೂ ಬಿಲ್ಲಿಗೂ ತಾಳೆಯಾಗಬೇಕು. ಅನುಮಾನ ಇದ್ದರೆ ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ, ಫೋನಿನ ಜಾತಕ ಬರುತ್ತದೆ. ನಿಮ್ಮ ಎರಡೂ ಸಿಮ್ ಒಯ್ದು ದುಡ್ಡು ಕೊಡುವ ಮೊದಲೇ ಹಾಕಿಸಿ. ಅಂಗಡಿಯ ವೈಫೈಗೆ ಸೇರಿಸಿ ಏರೋಪ್ಲೇನ್ ಮೋಡ್ ಒತ್ತಿ, ಅಲ್ಲಿಂದಲೇ ಮನೆಗೊಂದು ಕರೆ ಮಾಡಿ. ಹೋದರೆ ಬಿಲ್ ಹಾಕಿಸಿ, ಹೋಗದಿದ್ದರೆ ಫೋನು ವಾಪಸ್ ಕೊಟ್ಟು ಬನ್ನಿ.

ಮತ್ತೆ ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ, ಅದಕ್ಕೆ ಪುಡಿಗಾಸು ಕೊಡುತ್ತಾರೆ. ಸಾಗರದ ಕಡೆ ಬಂದಾಗ ತನ್ನಿ, ಪೋರ್ಟ್ ಹಾಕಿಕೊಡುತ್ತೇನೆ. ಪಂಚಾಂಗ ಮನೆಯಲ್ಲೇ ಇರಲಿ.

---

ಹಳೇದೇ_ಸಾಕು

ಅಂತೂ ಪೋರ್ಟ್ ಹಾಕಿಸುವುದು ಅಂತಾಯಿತಲ್ಲ. ಎಷ್ಟು ಖರ್ಚು ಅಂತ ಇನ್ನೂ ಹೇಳಲಿಲ್ಲ ಪಿನ್ ಅಣ್ಣ.